ಇಂಜೆಕ್ಷನ್ ಪಡೆದ ಬಳಿಕ ಕಿವಿ ಕೇಳದಾದವರು ತಾಯಿಯ ಕಡೆ ಇದ್ದಾರೆಯೇ?

ಕೆಲವು ಆ್ಯಂಟಿಬಯೋಟಿಕ್ ಇಂಜೆಕ್ಷನ್‌ಗಳು ಕೆಲವರ ಕಿವಿಯನ್ನೇ ಕಸಿಯುತ್ತವೆ. ಏಕೆಂದು ತಿಳಿಯಲು ನಾನ್ ರೊಟ್ಟಿಯ ಹಿಟ್ಟಿಗೆ ನೀವು ಹಾಕುವ ಖಮೀರಿನಿಂದ, ಅಂದರೆ ಯೀಸ್ಟ್‌ನಿಂದ ಆರಂಭಿಸೋಣ. (ನಾವು ಯುನಾನಿ ವೈದ್ಯರು ಕೊಡುವ ಖಮೀರಾ ಬೇರೆ, ಅದು ಲೇಹ್ಯ.)

ಯೀಸ್ಟ್ ಜೀವಿ. ಅದರೊಳಗೂ ನಮ್ಮ ಜೀವಕೋಶಗಳಲ್ಲಿರುವಂತೆ ಮೈಟೋಕಾಂಡ್ರಿಯಾಗಳಿವೆ. ಆಹಾರದಿಂದ ಶಕ್ತಿ ತೆಗೆಯುವುದು ಅವುಗಳ ಕೆಲಸ. ಅವುಗಳಿಗೆ ತಮ್ಮದೇ ಡಿಎನ್‌ಎ ಇದೆ, ಪ್ರೋಟೀನ್ ತಯಾರಿಸುವ ತಮ್ಮದೇ ರೈಬೋಸೋಮ್ ಇದೆ. ಈ ರೈಬೋಸೋಮ್ ಬ್ಯಾಕ್ಟೀರಿಯಾದ ರೈಬೋಸೋಮನ್ನು ಹೋಲುವುದರಿಂದ, ಬ್ಯಾಕ್ಟೀರಿಯಾಕ್ಕೆಂದು ಕೊಟ್ಟ ಕೆಲವು ಔಷಧಿಗಳ ಪೆಟ್ಟು ಇದಕ್ಕೂ ತಗಲುತ್ತದೆ.

1960ರ ದಶಕದಲ್ಲಿ ವಿಜ್ಞಾನಿಗಳು ಯೀಸ್ಟ್‌ಗೆ ಸಕ್ಕರೆ ಕೊಡದೆ ಗ್ಲಿಸರಾಲ್ ಕೊಟ್ಟು, ಜೊತೆಗೆ ಕ್ಲೋರಾಂಫೆನಿಕಾಲ್ ಅಥವಾ ಎರಿತ್ರೋಮೈಸಿನ್ ಬೆರೆಸಿದರು. ಗ್ಲಿಸರಾಲ್‌ನಲ್ಲಿ ಬೆಳೆಯಲು ಮೈಟೋಕಾಂಡ್ರಿಯಾ ಬೇಕೇ ಬೇಕು. ಬಹುಪಾಲು ಯೀಸ್ಟ್ ಬೆಳೆಯಲಿಲ್ಲ. ಬೆಳೆದ ಕೆಲವೇ ಕೆಲವು ಯೀಸ್ಟ್‌ಗಳ ಮೈಟೋಕಾಂಡ್ರಿಯಾದ ಡಿಎನ್‌ಎಯಲ್ಲಿ ಒಂದು ಅಕ್ಷರ ಬದಲಾಗಿತ್ತು. ಆದರೆ ಎಲ್ಲಿ? ಫ್ರಾನ್ಸ್‌ನಲ್ಲಿ ಪಿಯೋತ್ರ್ ಸ್ಲೊನಿಮ್‌ಸ್ಕಿ ಮತ್ತು ಸಂಗಡಿಗರು ಇದಕ್ಕಾಗಿ ಮೈಟೋಕಾಂಡ್ರಿಯಾದ ಡಿಎನ್‌ಎಯ ಬಹುಭಾಗ ಕಳೆದುಕೊಂಡ ಯೀಸ್ಟ್‌ಗಳನ್ನು ಬಳಸಿದರು. ಕಾಗದ ಹರಿದರೆ ಅಕ್ಕಪಕ್ಕದ ಪದಗಳು ಒಂದೇ ಚೂರಿನಲ್ಲಿ ಉಳಿಯುತ್ತವೆ, ದೂರದವು ಬೇರೆಯಾಗುತ್ತವೆ. ಹಾಗೆಯೇ ಯಾವ ನಿರೋಧಗಳು ಜೊತೆಯಾಗಿ ಉಳಿದವು, ಯಾವುವು ಜೊತೆಯಾಗಿ ಹೋದವು ಎಂದು ಎಣಿಸಿ ನಕ್ಷೆ ಬರೆದರು. ಕ್ಲೋರಾಂಫೆನಿಕಾಲ್, ಎರಿತ್ರೋಮೈಸಿನ್ ಜಾಗಗಳು ಹತ್ತಿರ ಹತ್ತಿರ ಸಿಕ್ಕವು. ಪ್ಯಾರೊಮೊಮೈಸಿನ್‌ನ ಜಾಗ ದೂರದಲ್ಲಿ, ರೈಬೋಸೋಮಿನ ಚಿಕ್ಕ ಭಾಗದ ಜೀನ್‌ನಲ್ಲಿ ಸಿಕ್ಕಿತು.

ಪ್ಯಾರೊಮೊಮೈಸಿನ್ ನಮಗೆ ಪರಿಚಯವಿರುವ ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್, ಅಮಿಕಾಸಿನ್ ಬಳಗದ್ದು. 1993ರಲ್ಲಿ, ಈ ಬಳಗದ ಔಷಧಿಯಿಂದ ಕಿವುಡಾದ ಚೀನಾದ ಮೂರು ಕುಟುಂಬಗಳಲ್ಲಿ ಮೈಟೋಕಾಂಡ್ರಿಯಾದ ಅದೇ ಜೀನ್‌ನಲ್ಲಿ, 1555ನೇ ಸ್ಥಾನದಲ್ಲಿ ಬದಲಾವಣೆ ಕಂಡುಬಂತು. ಯೀಸ್ಟ್‌ನ ಬದಲಾವಣೆ ರಕ್ಷಣೆ ಕೊಟ್ಟರೆ ಇದು ತದ್ವಿರುದ್ಧ: ನಮ್ಮ ರೈಬೋಸೋಮನ್ನು ಬ್ಯಾಕ್ಟೀರಿಯಾದ್ದಕ್ಕೆ ಇನ್ನಷ್ಟು ಹೋಲುವಂತೆ ಮಾಡುತ್ತದೆ. ಇಂಥವರಿಗೆ ಸಾಮಾನ್ಯ ಡೋಸ್ ಕೂಡ ಶ್ರವಣಶಕ್ತಿ ಕಸಿಯಬಹುದು, ಹೋದದ್ದು ಮರಳದು. ಬದಲಾವಣೆ ಇಲ್ಲದವರಿಗೂ ಹೆಚ್ಚು ದಿನ, ಹೆಚ್ಚು ಪ್ರಮಾಣ ಕೊಟ್ಟರೆ ಅಪಾಯ ಇದ್ದೇ ಇದೆ.

ಮೈಟೋಕಾಂಡ್ರಿಯಾ ಬರುವುದು ತಾಯಿಯಿಂದ. ಆದ್ದರಿಂದ ನಾನಿ, ಖಾಲಾ, ಮಾಮು, ಖಾಲಾನ ಮಕ್ಕಳು, ಇವರಲ್ಲಿ ಯಾರಾದರೂ ಇಂಜೆಕ್ಷನ್ ಬಳಿಕ ಕಿವಿ ಕೇಳದಾಗಿದ್ದರೆ ನಿಮಗೂ ಅದು ಅನ್ವಯಿಸಬಹುದು. ಮಾಮುವಿನಲ್ಲಿ ಇದ್ದರೂ ಅವರ ಮಕ್ಕಳಿಗೆ ಅವರಿಂದ ದಾಟುವುದಿಲ್ಲ. ಇಂಜೆಕ್ಷನ್ ಚುಚ್ಚಿಸಿಕೊಳ್ಳುವ ಮೊದಲೇ ಇದನ್ನು ವೈದ್ಯರಿಗೆ ಹೇಳಿ, ಡಿಎನ್‌ಎ ಪರೀಕ್ಷೆಯ ಬಗ್ಗೆ ಕೇಳಿ. ಕ್ಷಯರೋಗಕ್ಕೆ ಚಿಕಿತ್ಸೆ ಪಡೆಯುತ್ತಿರುವವರು ಮಾತ್ರ ಇದನ್ನು ಓದಿ ಹೆದರಿ ಔಷಧಿ ನಿಲ್ಲಿಸಬೇಡಿ. ಕಿವಿಯಲ್ಲಿ ಗುಂಯ್‌ಗುಡುವಿಕೆ ಶುರುವಾದರೆ ಅಂದೇ ಆಸ್ಪತ್ರೆಗೆ ಹೋಗಿ ತಿಳಿಸಿ.