ತೆಹರಾನಿನಲ್ಲೊಂದು ಹಳೆಯ ಮನೆ

ವಸ್ತುಸಂಗ್ರಹಾಲಯವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ದೊಡ್ಡ ಗುಮ್ಮಟದ ಕಟ್ಟಡ, ಗಾಜಿನ ಪೆಟ್ಟಿಗೆಗಳು, ‘ಮುಟ್ಟಬಾರದು’ ಎಂಬ ಹಲಗೆ. ಊರಿಂದ ನೆಂಟರು ಬಂದಾಗ ಅವರನ್ನು ಕರೆದುಕೊಂಡು ಒಂದು ಸುತ್ತು ಹಾಕಿ, ಕಾಲು ನೋಯಿಸಿಕೊಂಡು ಮರಳುತ್ತೇವೆ. ಏನು ನೋಡಿದಿರೆಂದು ಯಾರಾದರೂ ಕೇಳಿದರೆ ಹೇಳಲು ಹೆಚ್ಚೇನೂ ತೋಚದು. ಈ ಸಲದ ಪಾಠಕ್ಕೆ ನಾವು ಆರಿಸಿಕೊಂಡಿರುವ ಸಂಗ್ರಹಾಲಯ ಬೇರೆ ಬಗೆಯದು. ಅದು ಒಂದು ಮನೆ. ಇರಾನ್ ದೇಶದ ರಾಜಧಾನಿಯಾದ ತೆಹರಾನಿನಲ್ಲಿದೆ. ಮೊಘದ್ದಮ್ ಮನೆಯೆಂದು ಅದರ ಹೆಸರು. ಅಲ್ಲಿಗೆ ಹೋಗುವ ಯೋಗ ನಮ್ಮಲ್ಲಿ ಎಷ್ಟು ಮಂದಿಗೆ ಒದಗೀತೋ! ಆದರೆ ಮನೆಯೊಂದನ್ನು ನೋಡುವ ಕ್ರಮವನ್ನು ಅದರಿಂದ ಕಲಿತುಕೊಂಡರೆ, ನಾವಿರುವ ಪಟ್ಟಣದಲ್ಲಿಯೇ ಅದು ಉಪಯೋಗಕ್ಕೆ ಬಂದೀತು.

ಮೊದಲು ಹೆಸರನ್ನು ನೋಡೋಣ. ಪಾರಸಿಯಲ್ಲಿ ‘ಖಾನೆ’ ಎಂದರೆ ಮನೆ, ‘ಕಾರ್’ ಎಂದರೆ ಕೆಲಸ. ಕೆಲಸದ ಮನೆಯೇ ನಮ್ಮ ಕಾರ್ಖಾನೆ. ‘ಗುಮಾಸ್ತ’ ಎಂದರೆ ನೇಮಕಗೊಂಡವನು. ಅವನ ಮುಂದಿನ ಮೇಜೂ ಕಾಗದವೂ ಪಾರಸಿಯ ದಾರಿಯಿಂದ ಬಂದವುಗಳೇ. ಅರಬ್ಬಿಯಿಂದ ಪಾರಸಿಗೆ ಬಂದ ‘ಮುಕದ್ದಮ್’ ಎಂಬ ಶಬ್ದಕ್ಕೆ ಮುಂದೆ ನಿಂತವನು ಎಂದು ಅರ್ಥ. ಮುಂಬಯಿಯಲ್ಲಿ ಕೂಲಿಗಳ ಮೇಲಾಳಾದ ‘ಮುಕಾದಮ’ನೂ ಇದೇ ಶಬ್ದದಿಂದ ಹುಟ್ಟಿದವನು. ಇರಾನಿನಲ್ಲಿ ಅದು ‘ಮೊಘದ್ದಮ್’ ಎಂಬ ಮನೆತನದ ಹೆಸರಾಗಿದೆ. ಬಹಮನಿ ಸುಲ್ತಾನರು, ಬಿಜಾಪುರದ ಆದಿಲಶಾಹಿಗಳು ಆಳಿದ ಕಾಲದಿಂದ ಇಂಥ ಎಷ್ಟೋ ಶಬ್ದಗಳು ಕನ್ನಡದಲ್ಲಿ ಬೇರುಬಿಟ್ಟಿವೆ. ಆದುದರಿಂದ ಈ ಮನೆಗೆ ನಾವು ತೀರ ಹೊರಗಿನವರಲ್ಲ.

ತೆಹರಾನ್ 80 ಲಕ್ಷಕ್ಕೂ ಮೀರಿದ ಜನರಿರುವ ನಗರ. ಅದರ ಹಳೆಯ ಭಾಗದಲ್ಲಿ, ವಾಹನಗಳ ಗದ್ದಲ ಬಿಡದ ಇಮಾಮ್ ಖೊಮೇನಿ ರಸ್ತೆಯಲ್ಲಿ ಈ ಮನೆಯಿದೆ. 1925ರವರೆಗೆ ಇರಾನನ್ನು ಆಳಿದ ಖಜಾರ್ ವಂಶದ ಕಾಲದಲ್ಲಿ ಅರಮನೆಯ ಅಧಿಕಾರಿಯಾಗಿದ್ದ ಮೊಹಮ್ಮದ್ ತಖೀ ಖಾನ್ ಎಂಬವರು ಇದರ ಯಜಮಾನರು. ‘ಎಹ್ತೆಸಾಬುಲ್ ಮುಲ್ಕ್’ ಎಂಬುದು ಅವರ ಬಿರುದು. ಮನೆಯಲ್ಲಿ ‘ಬಿರೂನಿ’ ಎಂದರೆ ಹೊರಮನೆ, ‘ಅಂದರೂನಿ’ ಎಂದರೆ ಒಳಮನೆ ಎಂದು ಎರಡು ಭಾಗಗಳು. ಹೊರಮನೆಯಲ್ಲಿ ಅತಿಥಿಗಳನ್ನು ಕಾಣುವುದು, ವ್ಯವಹಾರ ಮಾಡುವುದು; ಒಳಮನೆಯಲ್ಲಿ ಹೆಂಗಸರು, ಮಕ್ಕಳು, ಸಂಸಾರ. ಯಾರು ಎಲ್ಲಿಯವರೆಗೆ ಬರಬಹುದೆಂಬುದನ್ನು ಗೋಡೆಗಳೇ ತೀರ್ಮಾನಿಸುತ್ತಿದ್ದವು. ಇರಾನಿನ ಕೆಲವು ಹಳೆಯ ಊರುಗಳಲ್ಲಿ ಹೆಬ್ಬಾಗಿಲಿಗೆ ಎರಡು ಬಗೆಯ ಬಡಿಗೊಂಡಿಗಳನ್ನು ಇಂದಿಗೂ ಕಾಣಬಹುದು. ಗಂಡಸರು ಬಡಿಯುವುದಕ್ಕೆ ದಪ್ಪ ಸದ್ದಿನದು, ಹೆಂಗಸರಿಗೆ ತೆಳು ಸದ್ದಿನ ಬಳೆ. ಸದ್ದು ಕೇಳಿದರೆ ಸಾಕು, ಬಾಗಿಲು ತೆರೆಯಲು ಯಾರು ಹೋಗಬೇಕೆಂಬುದು ಒಳಗಿನವರಿಗೆ ತಿಳಿಯುತ್ತಿತ್ತು.

ಎರಡನೆಯದಾಗಿ ನೀರು ಮತ್ತು ಗಾಳಿ. ತೆಹರಾನಿನಲ್ಲಿ ಮಳೆ ಕಡಿಮೆ, ಬೇಸಗೆ ಕಠಿಣ. ಬೆಟ್ಟದ ಬುಡದ ಅಂತರ್ಜಲವನ್ನು ‘ಖನಾತ್’ ಎಂಬ ಸುರಂಗ ಕಾಲುವೆಗಳಲ್ಲಿ ಇಳಿಜಾರಿನ ಬಲದಿಂದಲೇ ಊರಿಗೆ ಹರಿಸುತ್ತಿದ್ದರು. ರಸ್ತೆಯ ಬದಿಯ ತೋಡಿನಲ್ಲಿ ಹರಿದು ಬಂದ ನೀರನ್ನು ಪಾಳಿಯಂತೆ ಒಂದೊಂದು ಮನೆಯವರು ತಮ್ಮ ನೆಲಮಾಳಿಗೆಯ ತೊಟ್ಟಿಗೆ ತಿರುಗಿಸಿಕೊಳ್ಳಬೇಕು. ನಲ್ಲಿಯ ಮುಂದೆ ಬಿಂದಿಗೆಗಳ ಸಾಲನ್ನು ಬಲ್ಲ ನಮಗೆ ಪಾಳಿಯ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಗಳದ ನಡುವಿನ ಕೊಳಕ್ಕೆ ‘ಹೌಜ್’ ಎನ್ನುತ್ತಾರೆ. ಅದರ ನೀರು ಆರುವಾಗ ಸುತ್ತಲಿನ ಗಾಳಿ ತಂಪಾಗುತ್ತದೆ. ಕೋಣೆಗಳೆಲ್ಲ ಅಂಗಳಕ್ಕೇ ಮುಖಮಾಡಿರುವುದು ಆ ತಂಪಿಗಾಗಿ. ಬೀದಿಯ ಕಡೆಗಿರುವುದು ಬರಿಯ ಗೋಡೆ. ಧೂಳೂ ಬಿಸಿಲೂ ಪರರ ನೋಟವೂ ಅಲ್ಲಿಯೇ ತಡೆಯುತ್ತವೆ.

ಮೂರನೆಯದು ಗೋಡೆಯ ಮೇಲಿನ ಬಣ್ಣದ ಹಂಚುಗಳು. ಇವುಗಳಿಗೆ ಪಾರಸಿಯಲ್ಲಿ ‘ಕಾಶಿ’ ಎಂಬ ಹೆಸರು. ನಮ್ಮ ಕಾಶಿಗೂ ಇದಕ್ಕೂ ಸಂಬಂಧವಿಲ್ಲ. ಹಂಚಿನ ಕೆಲಸಕ್ಕೆ ಹೆಸರಾದ ಕಾಶಾನ್ ಎಂಬ ಊರಿನಿಂದ ಬಂದ ಶಬ್ದವಿದು. ಕೆಲಸದಲ್ಲಿ ಮುಖ್ಯವಾಗಿ ಎರಡು ವಿಧಾನಗಳುಂಟು. ಒಂದೊಂದು ಬಣ್ಣದ ಹಂಚನ್ನು ಬೇರೆಬೇರೆಯಾಗಿ ಸುಟ್ಟು, ಚಿತ್ರಕ್ಕೆ ತಕ್ಕಂತೆ ಚೂರುಚೂರಾಗಿ ಕತ್ತರಿಸಿ ಜೋಡಿಸುವುದು ಮೊದಲನೆಯದು. ಇದು ಬಹಳ ಕಾಲ ಹಿಡಿಯುವ ಕೆಲಸ. ಒಂದೇ ಹಂಚಿನ ಮೇಲೆ ಹಲವು ಬಣ್ಣಗಳನ್ನು ಬರೆದು ಒಟ್ಟಿಗೆ ಸುಡುವುದು ಎರಡನೆಯದು. ಇದಕ್ಕೆ ‘ಹಫ್ತ್ ರಂಗ್’, ಎಂದರೆ ಏಳು ಬಣ್ಣ, ಎನ್ನುತ್ತಾರೆ. ಮೊದಲನೆಯ ವಿಧಾನದ ಕೆಲಸವನ್ನು ನೋಡಲು ಇರಾನಿಗೇ ಹೋಗಬೇಕೆಂದಿಲ್ಲ. ಗೀಲಾನ್ ಪ್ರಾಂತದಿಂದ ಬಂದು ಬಹಮನಿ ರಾಜ್ಯದ ಮಂತ್ರಿಯಾದ ಮಹಮೂದ್ ಗವಾನ್ 1472ರಲ್ಲಿ ಬೀದರಿನಲ್ಲಿ ಕಟ್ಟಿಸಿದ ಮದರಸಾದ ಮುಂಗೋಡೆಯಲ್ಲಿ ಅಳಿದುಳಿದ ಹಂಚುಗಳು ಇಂದಿಗೂ ಇವೆ. ಹೈದರಾಬಾದಿನಲ್ಲಿರುವ ಮಿತ್ರರಿಗೆ ಬೀದರು ಒಂದು ಹಗಲಿನ ಪ್ರಯಾಣ.

ಇನ್ನು ಮುಖ್ಯವಾದ ಸಂಗತಿಗೆ ಬರೋಣ. ಮೊಘದ್ದಮ್ ಮನೆಯ ಗೋಡೆಗಳಲ್ಲಿರುವ ಹಂಚುಗಳಲ್ಲಿ ಬಹಳಷ್ಟು ಆ ಮನೆಗಾಗಿ ಮಾಡಿದವುಗಳಲ್ಲ. 1930ರ ದಶಕದಲ್ಲಿ ತೆಹರಾನಿನ ಕೋಟೆಗೋಡೆಯನ್ನೂ ಹಂಚುಹೊದಿಸಿದ ಊರಬಾಗಿಲುಗಳನ್ನೂ ಕೆಡವಿ, ಹಳೆಯ ಕೇರಿಗಳ ನಡುವೆ ಅಗಲವಾದ ರಸ್ತೆಗಳನ್ನು ಹಾಯಿಸಿದರು. ನಗರ ಬೆಳೆಯಬೇಕು, ರಸ್ತೆ ಬೇಕು, ನಿಜ. ಆದರೆ ಬಿದ್ದ ಕಟ್ಟಡಗಳ ಕುಸುರಿ ಕೆಲಸವೂ ಮಣ್ಣಿನ ಜತೆಗೆ ಹೋಗುತ್ತಿತ್ತು. ಯಜಮಾನರ ಮಗ ಮೊಹ್ಸಿನ್ ಮೊಘದ್ದಮ್ (1900–1987) ಯೂರೋಪಿನಲ್ಲಿ ಕಲಿತು ಬಂದ ಚಿತ್ರಕಾರರು, ಪ್ರಾಚ್ಯವಸ್ತು ಶೋಧಕರು, ತೆಹರಾನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು. ಆ ವಿಶ್ವವಿದ್ಯಾನಿಲಯದ ಲಾಂಛನವನ್ನು ಪ್ರಾಚೀನ ಸಾಸಾನಿ ಗಾರೆಫಲಕವೊಂದರ ಮಾದರಿಯಿಂದ ರಚಿಸಿದವರೂ ಅವರೇ. ಅವರೂ ಪತ್ನಿ ಸೆಲ್ಮಾ ಅವರೂ ಕೂಡಿ ಹಂಚು, ಬಟ್ಟೆ, ನಾಣ್ಯಗಳನ್ನು ವರ್ಷಗಟ್ಟಲೆ ಸಂಗ್ರಹಿಸಿದರು. ಕೆಡವಿದ ಕಟ್ಟಡಗಳ ಹಂಚುಗಳನ್ನು ತಮ್ಮ ವಾಸದ ಮನೆಯ ಗೋಡೆಗಳಿಗೇ ಕೂರಿಸಿದರು.

ಮೊಹ್ಸಿನರ ಅಣ್ಣ ಹಸನ್ ಮೊಘದ್ದಮ್ ನಾಟಕಕಾರರು. ಪರಂಗಿ ದೇಶದಿಂದ ಮರಳಿ ಬರುವ ಜಾಫರ್ ಖಾನನ ಕಥೆಯ ಅವರ ಪ್ರಹಸನ 1922ರಲ್ಲಿ ತೆಹರಾನಿನಲ್ಲಿ ಪ್ರಯೋಗಗೊಂಡಿತು. ತಾಯ್ನಾಡಿನದೆಲ್ಲ ಕೀಳೆಂದು ತಿಳಿದು ಬಂದ ತರುಣನನ್ನೂ, ಹೊಸದೆಲ್ಲ ಬೇಡವೆನ್ನುವ ಮನೆಯವರನ್ನೂ ಅದು ಒಟ್ಟಿಗೆ ಗೇಲಿಮಾಡುತ್ತದೆ. ಅಣ್ಣ ನಗಿಸಿ ಹೇಳಿದ್ದನ್ನು ತಮ್ಮ ಮಾಡಿ ತೋರಿಸಿದರೆನ್ನಬಹುದು. ಹೊರಗೆ ಹೋಗಿ ಕಲಿತ ಕಣ್ಣಿನಿಂದಲೇ ಅವರು ಮನೆಯದರ ಬೆಲೆಯನ್ನು ಕಂಡರು.

1972ರಲ್ಲಿ ದಂಪತಿಗಳು ಮನೆಯನ್ನೂ ಸಂಗ್ರಹವನ್ನೂ ವಿಶ್ವವಿದ್ಯಾನಿಲಯಕ್ಕೆ ದಾನಮಾಡಿದರು. ಸಾರ್ವಜನಿಕರಿಗೆ ಅದರ ಬಾಗಿಲು ತೆರೆದದ್ದು 2009ರಲ್ಲಿ. ಮೊಹ್ಸಿನರು ತೀರಿಕೊಂಡು ಆಗಲೇ 22 ವರ್ಷಗಳಾಗಿದ್ದವು. ನಗರದ ನಡುವಿನ ಅಂಥ ನಿವೇಶನವನ್ನು ಮಾರಿದ್ದರೆ ಎಷ್ಟು ಹಣ ಬರುತ್ತಿತ್ತೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ.

ಒಂದು ಸಂದೇಹವನ್ನು ಇಲ್ಲಿ ಹೇಳಲೇಬೇಕು. ಹಂಚು ತನ್ನ ಮೂಲದ ಗೋಡೆಯಲ್ಲಿದ್ದರೇ ಅದರ ಅರ್ಥ ಪೂರ್ಣವಾಗುವುದು; ಕಿತ್ತು ತಂದ ಹಂಚು ತನ್ನ ಊರನ್ನು ತಾನೇ ಹೇಳಲಾರದು. ಇದು ಸರಿಯಾದ ಮಾತು. ಆದರೆ ಗೋಡೆಯೇ ಬಿದ್ದಮೇಲೆ ಏನು ಮಾಡಬೇಕು? ಸಿಕ್ಕಿದ್ದನ್ನು ಎತ್ತಿಡಬೇಕು, ಎಲ್ಲಿಂದ ಬಂತೆಂಬುದನ್ನು ಬರೆದಿಡಬೇಕು. ಎರಡನೆಯ ಕೆಲಸಕ್ಕೆ ಹಣ ಬೇಡ, ಒಂದು ಪುಸ್ತಕವೂ ಪೆನ್ಸಿಲೂ ಸಾಕು.

ನಾವು ಹತ್ತಡಿಯ ಖೋಲಿಯಲ್ಲಿ ಬಾಡಿಗೆಗಿರುವವರು. ನಮಗೆ ಯಾವ ಸಂಗ್ರಹಾಲಯ ಎನ್ನಬೇಡಿ. ನಮ್ಮಲ್ಲಿ ಹಲವರಿಗೆ ಊರಿನಲ್ಲಿ ಬೀಗ ಹಾಕಿದ ಮನೆಯೊಂದುಂಟು. ಅದರ ತೊಟ್ಟಿ, ಕಂಬ, ಕಣಜ, ಕೆತ್ತನೆಯ ಬಾಗಿಲು ಒಂದೊಂದಾಗಿ ಗೆದ್ದಲಿಗೋ ವ್ಯಾಪಾರಿಗೋ ಸಲ್ಲುತ್ತಿವೆ. ಮುಂದಿನ ಸಲ ಊರಿಗೆ ಹೋದಾಗ ನಾಲ್ಕು ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ಬರೆದುಕೊಳ್ಳಿರಿ: ಈ ಮನೆಗೆ ನೀರು ಎಲ್ಲಿಂದ ಬರುತ್ತಿತ್ತು? ಗಾಳಿ ಬೆಳಕು ಯಾವ ಕಡೆಯಿಂದ? ಯಾರು ಎಲ್ಲಿಯವರೆಗೆ ಒಳಗೆ ಬರಬಹುದಾಗಿತ್ತು, ಯಾರು ಹೊರಗೇ ನಿಲ್ಲಬೇಕಾಗಿತ್ತು? ಕೆಲಸ ಮಾಡಿದ ಬಡಗಿ, ಗಾರೆಯವರು ಯಾರು? ಕೊನೆಯ ಎರಡು ಪ್ರಶ್ನೆಗಳ ಉತ್ತರ ಕೆಲವೊಮ್ಮೆ ಮನಸ್ಸಿಗೆ ಹಿತವಾಗಿರಲಾರದು, ಆದರೂ ಬರೆಯಿರಿ. ಮನೆಯ ಹಿರಿಯರು ಇರುವಾಗಲೇ ಈ ಕೆಲಸವಾಗಬೇಕು. ಅವರ ತರುವಾಯ ಹೇಳುವವರು ಯಾರೂ ಇರುವುದಿಲ್ಲ.