ಭುಜಕ್ಕೆ ಒಗ್ಗುವ ತೋಟಾ

ಕೊಲರಾಡೊದಲ್ಲಿ ಮೊದಲ ಸಲ ಜಿಂಕೆ ಬೇಟೆಗೆ ಹೊರಟಿರುವ ನಿಮಗೆ ಗೆಳೆಯರು .30-06 ರೈಫಲ್ಲೇ ಬೇಕು ಎನ್ನುತ್ತಿದ್ದಾರೆ. ನಾನು ಒಪ್ಪುವುದಿಲ್ಲ. ಅದರ ಜೋರು ಒದೆತಕ್ಕೆ ಹೆದರಿದ ಮೈ ಟ್ರಿಗರ್ ಎಳೆಯುವಾಗಲೇ ಸೆಟೆದುಕೊಳ್ಳುತ್ತದೆ, ಗುಂಡು ಪಕ್ಕಕ್ಕೆ ಸರಿಯುತ್ತದೆ; ಶ್ವಾಸಕೋಶಕ್ಕೆ ತಾಗಬೇಕಾದದ್ದು ಹೊಟ್ಟೆಗೆ ತಾಗಿದರೆ ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ. ಆ ನರಳಿಕೆಯನ್ನು ತಪ್ಪಿಸುವುದೇ ಬೇಟೆಗಾರರ ಮೊದಲ ಹೊಣೆ. ಹಾಗಾಗಿ ನನ್ನ ಆಯ್ಕೆ 2007ರಲ್ಲಿ ಬಂದ 6.5 ಕ್ರೀಡ್‌ಮೂರ್ ತೋಟಾ; ಅಷ್ಟೇ ತೂಕದ ರೈಫಲ್‌ನಲ್ಲಿ ಅದರ ಒದೆತ .30-06ರದ್ದಕ್ಕಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ. ಸಣ್ಣ ಗುಂಡು ಸಾಲದು ಎನ್ನುವವರು ಸ್ವೀಡನ್ನಿನ ಕಡೆ ನೋಡಲಿ: 1890ರ ದಶಕದಲ್ಲಿ ಸೇನೆಗೆಂದು ರೂಪುಗೊಂಡ, ಇದೇ ವ್ಯಾಸದ 6.5x55 ತೋಟಾದಿಂದ ಅಲ್ಲಿ ಇಂದಿಗೂ ಮೂಸ್ ಬೇಟೆಯಾಡುತ್ತಾರೆ. ಉದ್ದನೆಯ ಸಪೂರ ಗುಂಡು ಆಳಕ್ಕೆ ಇಳಿಯುವುದೇ ಅದಕ್ಕೆ ಕಾರಣ. ಇನ್ನೊಂದು ಆಯ್ಕೆಯಾದ .243 ವಿಂಚೆಸ್ಟರ್‌ನ ಒದೆತ ಇನ್ನೂ ಮೃದು, ಜಿಂಕೆಗೆ ಸಾಕು. ಮುಂದೆ ಎಲ್ಕ್ ಬೇಟೆಯ ಯೋಚನೆಯಿದ್ದರೆ ಮಾತ್ರ ಅದರ ಹಗುರ ಗುಂಡು ತಪ್ಪಿಗೆ ಹೆಚ್ಚು ಆಸ್ಪದ ಕೊಡುವುದಿಲ್ಲ.

ಬೆಟ್ಟ ಹತ್ತಲು ತೀರಾ ಹಗುರ ರೈಫಲ್ ಬೇಕೆನಿಸುವುದು ಸಹಜ. ಆದರೆ ತೂಕ ಇಳಿದಷ್ಟೂ ಅದೇ ತೋಟಾ ಜೋರಾಗಿ ಒದೆಯುತ್ತದೆ. ದುರ್ಬೀನು ಸೇರಿ ಮೂರೂವರೆ ಕಿಲೋ ಆಸುಪಾಸಿನದು ಹೊರಲೂ ಹೊಡೆಯಲೂ ಸರಿ. ನಳಿಗೆಯ ತುದಿಯ ಬ್ರೇಕ್ ಒದೆತ ತಗ್ಗಿಸುತ್ತದೆ, ಸದ್ದನ್ನು ಮಾತ್ರ ಇನ್ನಷ್ಟು ಏರಿಸಿ ಕಿವಿಗೆ ಅಪಾಯ ಹೆಚ್ಚಿಸುತ್ತದೆ. 6.5 ಕ್ರೀಡ್‌ಮೂರ್‌ಗೆ ಅದು ಬೇಡ. ಅದಕ್ಕಿಂತ ಭುಜಕ್ಕೆ ಒರಗುವ ಹಿಡಿಯ (ಸ್ಟಾಕ್) ಉದ್ದ ನೋಡಿ: ಕತ್ತು ಚಾಚದೆ ದುರ್ಬೀನಿನ ಪೂರ್ತಿ ನೋಟ ಕಣ್ಣಿಗೆ ಸಿಗದಿದ್ದರೆ, ಎಷ್ಟೇ ದುಬಾರಿ ರೈಫಲ್ಲಾದರೂ ಅಂಗಡಿಯಲ್ಲೇ ಬಿಟ್ಟುಬನ್ನಿ.