ಕಳ್ಳಿಯ ಇರುಳು ದುಡಿಮೆ

ಗಂಗಾವತಿ ತಾಲ್ಲೂಕಿನ ಶ್ರೀರಾಮನಗರದ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಬೆಳೆಯುವ ಭತ್ತ. ಯಲಬುರ್ಗಾದ ಎರೆನೆಲದಲ್ಲಿ ಮಳೆಯನ್ನೇ ನಂಬಿದ ಜೋಳ. ಆನೆಗೊಂದಿಯ ಕಾದ ಬಂಡೆಗಳ ಸಂದಿನಲ್ಲಿ ಯಾರೂ ನೀರೆರೆಯದ ಕಳ್ಳಿ. ಮೂರಕ್ಕೂ ಸೂರ್ಯನೊಬ್ಬನೇ, ಗಾಳಿಯೊಂದೇ. ಆದರೆ ಬಿಸಿಲನ್ನು ಅನ್ನವಾಗಿಸುವ ಕ್ರಮ ಮೂರರಲ್ಲಿಯೂ ಬೇರೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಕ್ರಸ್ಟ್ ಗೇಟ್ ಕೊಚ್ಚಿಹೋಗಿ, ತುಂಬಿದ ನೀರು ವ್ಯರ್ಥವಾಗಿ ಹರಿದುದನ್ನು ಕಂಡ ಈ ಸೀಮೆಯವರಿಗೆ ಆ ಭೇದವು ಕೇವಲ ಪಾಠದ ವಿಷಯವಲ್ಲ.

ಹಸಿರೆಲೆಯ ಜೀವಕೋಶದಲ್ಲಿ ಕ್ಲೋರೋಪ್ಲಾಸ್ಟ್ ಎಂಬ ಹಸಿರು ಕಣಗಳುಂಟು. ಎರಡು ಪೊರೆಗಳ ಕವಚ. ಅದರೊಳಗೆ ನಾಣ್ಯಗಳನ್ನು ಪೇರಿಸಿದಂತಿರುವ ಗ್ರಾನಗಳು. ಸುತ್ತಲೂ ಸ್ಟ್ರೋಮವೆಂಬ ದ್ರವ. ಗ್ರಾನದ ಪತ್ರಹರಿತ್ತು ಬೆಳಕನ್ನು ಹಿಡಿಯುತ್ತದೆ, ಸ್ಟ್ರೋಮದಲ್ಲಿ ಇಂಗಾಲದ ಡೈಆಕ್ಸೈಡ್ ಸಕ್ಕರೆಯಾಗುತ್ತದೆ. ಭತ್ತವು ಹಗಲಿನಲ್ಲಿ ಪತ್ರರಂಧ್ರಗಳನ್ನು ತೆರೆದು ಈ ಅನಿಲವನ್ನು ನೇರವಾಗಿ ಬಳಸುತ್ತದೆ. ತೆರೆದ ಬಾಗಿಲಿನಿಂದ ಅನಿಲ ಒಳಬರುವಾಗ ನೀರು ಹೊರಹೋಗದಿರದು: ಒಂದು ಗ್ರಾಂ ಅನಿಲಕ್ಕೆ ಸುಮಾರು 400ರಿಂದ 500 ಗ್ರಾಂ ನೀರಿನ ವೆಚ್ಚ.

ಜೋಳವು ಕೆಲಸವನ್ನು ಎರಡು ಬಗೆಯ ಕೋಶಗಳಿಗೆ ಹಂಚಿದೆ. ಹೊರಗಿನವು ಅನಿಲವನ್ನು ಆಮ್ಲವಾಗಿ ಹಿಡಿದು, ನಾಳಗಳನ್ನು ಸುತ್ತುವರಿದ ಕೋಶಗಳಿಗೆ ದಾಟಿಸುತ್ತವೆ. ಅಲ್ಲಿಯ ಕ್ಲೋರೋಪ್ಲಾಸ್ಟುಗಳಲ್ಲಿ ಗ್ರಾನಗಳು ಇಲ್ಲವೆಂಬಷ್ಟು ವಿರಳ. ಇಲ್ಲಿ ನೀರಿನ ವೆಚ್ಚ 250ರಿಂದ 300 ಗ್ರಾಂ.

ಕಳ್ಳಿಯಾದರೋ ಸ್ಥಳವನ್ನು ಹಂಚದೆ ಕಾಲವನ್ನು ಹಂಚಿತು. ಅದರ ಕ್ಲೋರೋಪ್ಲಾಸ್ಟು ಗ್ರಾನಸಹಿತವಾದ ಸಾಮಾನ್ಯ ರಚನೆಯದೇ. ವಿಶೇಷವಿರುವುದು ಕೋಶದ ನಡುವಣ ದೊಡ್ಡ ರಸಕುಹರದಲ್ಲಿ. ಇರುಳು ತಂಪಾದಾಗ ರಂಧ್ರ ತೆರೆದು, ಒಳಬಂದ ಅನಿಲವನ್ನು ಮ್ಯಾಲಿಕ್ ಆಮ್ಲವಾಗಿಸಿ ಕುಹರದಲ್ಲಿ ಕೂಡಿಡುತ್ತದೆ. ಬೆಳಗಾದೊಡನೆ ಬಾಗಿಲು ಮುಚ್ಚಿ, ಕೂಡಿಟ್ಟುದನ್ನು ಒಡೆದು, ಹೊಮ್ಮಿದ ಅನಿಲದಿಂದ ಸಕ್ಕರೆ ಮಾಡುತ್ತದೆ. ವೆಚ್ಚವಾಗುವ ನೀರು 50ರಿಂದ 100 ಗ್ರಾಂ ಮಾತ್ರ. ಕನ್ನಡದಲ್ಲಿ ಕಳ್ಳಿಯೆಂಬ ಹೆಸರು ಹಾಲು ಸುರಿಸುವ ದೇಶೀ ಗಿಡಕ್ಕೂ, ಅಮೆರಿಕದಿಂದ ಬಂದ ಪಾಪಸುಕಳ್ಳಿಗೂ ಸಲ್ಲುತ್ತದೆ. ಕುಲದಿಂದ ಅವು ಬಂಧುಗಳಲ್ಲ. ಆದರೂ ಬರವು ಎರಡಕ್ಕೂ ಒಂದೇ ವಿದ್ಯೆಯನ್ನು ಕಲಿಸಿದೆ.

ಈ ರಹಸ್ಯದ ಮೊದಲ ಸುಳಿವುಗಳಲ್ಲೊಂದು ದೊರೆತುದು ನಾಲಗೆಗೆ. ಬೆಂಗಳೂರಿನ ಲಾಲ್‌ಬಾಗ್ ತೋಟದ ಮೇಲ್ವಿಚಾರಣೆ ವಹಿಸಿದ್ದ ಬೆಂಜಮಿನ್ ಹೈನೆ ಎಂಬ ವೈದ್ಯನು ಕಾಡುಬಸಳೆಯ ಎಲೆಯನ್ನು ಅಗಿದು ನೋಡಿದನು. ಮುಂಜಾನೆ ಹುಳಿ, ನಡುಹಗಲಿಗೆ ಸಪ್ಪೆ, ಸಂಜೆಯ ವೇಳೆಗೆ ತುಸು ಕಹಿ. 1813ರಲ್ಲಿ ಆತ ಬರೆದ ಪತ್ರವನ್ನು ಲಂಡನ್ನಿನ ಲಿನ್ನಿಯನ್ ಸೊಸೈಟಿ 1815ರಲ್ಲಿ ಪ್ರಕಟಿಸಿತು. ಶಾಲೆಯಲ್ಲಿ ಅಗಿಯುವ ಸಾಹಸ ಬೇಡ. ಕಾಡುಬಸಳೆಯಲ್ಲಿ ವಿಷಾಂಶವುಂಟು, ಕಳ್ಳಿಯ ಹಾಲು ಕಣ್ಣಿಗೂ ಅಪಾಯ. ಮುಂಜಾನೆ ಒಂದು, ಸಂಜೆ ಒಂದು ಕಾಡುಬಸಳೆಯ ಎಲೆಯನ್ನು ಅರೆದು ಪಿಎಚ್ ಕಾಗದಕ್ಕೆ ತಾಗಿಸಿದರೆ ಬಣ್ಣದ ಭೇದವೇ ಸಾಕ್ಷಿ ನುಡಿಯುವುದು.

ಹಾಗಾದರೆ ಭತ್ತಕ್ಕೂ ಈ ವಿದ್ಯೆಯನ್ನು ಕಲಿಸಬಾರದೇಕೆ? ಕುಹರ ತುಂಬಿದಷ್ಟೇ ಕಳ್ಳಿಯ ಸಂಪಾದನೆ. ಆದುದರಿಂದ ಅದರ ಬೆಳವಣಿಗೆ ಸಾಮಾನ್ಯವಾಗಿ ನಿಧಾನ. ಆದರೂ ಎರಡು ಕ್ರಮಗಳು ಒಂದೇ ಗಿಡದಲ್ಲಿ ಕೂಡಲಾರವೆಂದಲ್ಲ. ಅಮೆರಿಕದ ಯುಕ್ಕ ಗ್ಲೋರಿಯೋಸ ಸಸ್ಯವು ಭತ್ತದ ಕ್ರಮದ ಒಂದು ಯುಕ್ಕಕ್ಕೂ ಕಳ್ಳಿಯ ಕ್ರಮದ ಮತ್ತೊಂದಕ್ಕೂ ನಿಸರ್ಗದಲ್ಲಿಯೇ ಹುಟ್ಟಿದ ಮಿಶ್ರತಳಿ. ಅದು ಹಗಲೂ ಅನಿಲವನ್ನು ಹೀರುತ್ತದೆ, ಇರುಳೂ ತಕ್ಕಮಟ್ಟಿಗೆ ಹೀರುತ್ತದೆ. ನೀರು ಕಡಿಮೆಯಾದಾಗ ಇರುಳಿನ ದುಡಿಮೆಯನ್ನೇ ಹೆಚ್ಚು ಆಶ್ರಯಿಸುತ್ತದೆ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಹೊಲದಂಚಿನ ಗೋಣಿಸೊಪ್ಪು ನೀರಿದ್ದಾಗ ಜೋಳದ ಕ್ರಮದಲ್ಲಿ ದುಡಿಯುತ್ತದೆ. ಬರ ಬಿದ್ದರೆ ಅದರ ಜೊತೆಗೆ ಕಳ್ಳಿಯ ಕ್ರಮವನ್ನೂ ಹಿಡಿಯುತ್ತದೆ. ಈ ಎರಡೂ ಒಂದೇ ಕೋಶಗಳಲ್ಲಿ ನಡೆಯುವುವೆಂದು 2022ರಲ್ಲಿ ವಿಜ್ಞಾನಿಗಳು ತೋರಿಸಿದರು. ಕಳೆಯೆಂದು ರೈತರು ಕಿತ್ತೆಸೆಯುವುದೂ, ಪಲ್ಯಕ್ಕೆಂದು ಹೆಂಗಸರು ಆರಿಸಿ ತರುವುದೂ ಇದೇ ಗಿಡವನ್ನು.